ಹೇಳಬಾರದ ಮಾತು

ನಮ್ಮ ಕಡೆ ಯಾರಾದರೂ ತುಸು ವಿಚಿತ್ರವಾಗಿ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂದು ನಗುತ್ತಾರೆ. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ಇಂದು ಅದರ ಹೆಸರು ಡಿಮ್ಹಾನ್ಸ್. ಊರ ಹೆಸರೇ ಗೇಲಿಯಾದರೆ, ಅಲ್ಲಿಗೆ ಹೋಗಬೇಕಾದವರಿಗೆ ಎಷ್ಟು ಅಳುಕಿರಬೇಡ! ನಾನು ಬೇರೊಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನರ್ಸ್. ಅಲ್ಲಿಯೂ ಅದೇ ಅಳುಕು.

ನನ್ನೂರು ಕುಳಗೇರಿ ಕ್ರಾಸ್. ಹುಬ್ಬಳ್ಳಿ–ವಿಜಯಪುರ ರಸ್ತೆಯಿಂದ ಬಾದಾಮಿಗೆ ದಾರಿ ಒಡೆಯುವ ಜಾಗ. ಬಸ್ಸಿಗೆ ಕಾಯುವವರಲ್ಲಿ ಒಂದಾದರೂ ಗುರುತಿನ ಮುಖ ಇರುತ್ತದೆ. ಆಸ್ಪತ್ರೆಯಲ್ಲಿ ಕಂಡವರು ಎದುರಾದರೆ ನಾನಾಗಿ ಮಾತಾಡಿಸುವುದಿಲ್ಲ. ಅವರು ನಕ್ಕರೆ ನಗುತ್ತೇನೆ. ‘ಅಪ್ಪಾ, ಅವರು ನಿನಗ ಹೆಂಗ ಗೊತ್ತು?’ ಎಂದು ಮಗಳು ಕೇಳಿದರೆ ‘ಹಿಂಗ ಗೊತ್ತವ್ವ’ ಎನ್ನುತ್ತೇನೆ. ಈಗ ಅವಳು ಕೇಳುವುದನ್ನೇ ಬಿಟ್ಟಿದ್ದಾಳೆ.

ಅಕ್ಕ ಮಾತ್ರ ಬಿಡಲಿಲ್ಲ. ಮಗಳಿಗೆ ಬಂದ ವರನ ಬಗ್ಗೆ, ‘ಆ ಹುಡುಗ ನಿಮ್ಮ ದವಾಖಾನಿಗೆ ಬಂದಿದ್ನೇನೋ ತಮ್ಮಾ?’ ಎಂದಳು.

‘ಯಾರು ಬಂದಾರ, ಯಾರು ಬಂದಿಲ್ಲ, ಎರಡೂ ಹೇಳೂದಿಲ್ಲಕ್ಕ. ಹುಡುಗನ್ನ ಕೂಡಿಸಿ ನೀವ ಕೇಳ್ರಿ’ ಎಂದೆ.

ಒಬ್ಬರ ಬಗ್ಗೆ ‘ಬಂದಿಲ್ಲ’ ಎಂದರೆ, ಮುಂದೆ ಇನ್ನೊಬ್ಬರ ಬಗ್ಗೆ ಸುಮ್ಮನಿದ್ದಾಗ ಅದೇ ‘ಬಂದಿದ್ದಾರೆ’ ಎಂದಾಗುತ್ತದೆ. ಆದರೂ ಅಕ್ಕನ ಮಗಳ ಬಾಳಿನ ಪ್ರಶ್ನೆ; ನನಗೂ ಸಂಕಟವಾಯಿತು. ಆ ವರ್ಷ ನಾಗರ ಪಂಚಮಿಗೆ ಅಕ್ಕ ತವರಿಗೆ ಬರಲಿಲ್ಲ. ಜೋಕಾಲಿ ಕಟ್ಟಿದರೂ ಮನೆ ಬಿಕೋ ಎನ್ನುತ್ತಿತ್ತು. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ರೋಗಿಯ ಗುಟ್ಟು ಕಾಯಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಬೇರೆಯವರಿಗೆ ಅಪಾಯವಿದ್ದರೆ, ಅದನ್ನು ತಡೆಯಲು ಬೇಕಾದಷ್ಟು ಮಾತ್ರ ತಿಳಿಸಬಹುದು. ಆದರೆ ಕಾಯ್ದೆಗಿಂತ ದೊಡ್ಡದು ನಂಬಿಕೆ. ಗುಟ್ಟು ಹೊರಬಿದ್ದೀತೆಂದು ಹೆದರಿದವರು ಆಸ್ಪತ್ರೆಗೆ ಬರುವುದನ್ನು ಬಿಡುತ್ತಾರೆ, ಗುಳಿಗೆ ಬಿಡುತ್ತಾರೆ, ರೋಗ ಮರುಕಳಿಸುತ್ತದೆ.

ಮರುವರ್ಷ ಒಂದು ರಾತ್ರಿ ಅಕ್ಕನ ಫೋನ್ ಬಂತು. ‘ನಿನಗ ಹೇಳಿದ್ರ ಎಲ್ಲೂ ಹೋಗೂದಿಲ್ಲಲ್ಲ’ ಎನ್ನುತ್ತ ಒಂದು ತಾಸು ಮಾತಾಡಿದಳು. ಏನೆಂದು ಅವ್ವನಿಗೂ ಹೇಳಿಲ್ಲ. ಇಷ್ಟನ್ನೂ ಅಕ್ಕನನ್ನು ಕೇಳಿಯೇ ಬರೆದಿದ್ದೇನೆ.

ಮಕ್ಕಳೇ, ಗೆಳೆಯರ ಗುಟ್ಟು ಕಾಯಿರಿ. ಆದರೆ ಯಾರಾದರೂ ‘ಸಾಯಬೇಕು ಅನಿಸುತ್ತದೆ’ ಎಂದರೆ, ಅಥವಾ ತಮ್ಮನ್ನು ಯಾರೋ ಕಾಡುತ್ತಿದ್ದಾರೆ ಎಂದರೆ, ಅದನ್ನು ಮುಚ್ಚಿಡಬೇಡಿ. ನಂಬಿಕೆಯ ಹಿರಿಯರೊಬ್ಬರಿಗೆ ಅಂದೇ ಹೇಳಿ. ಅಜ್ಜ-ಅಜ್ಜಿಯರೇ, ಮಕ್ಕಳು ಹೇಳಲು ಬಂದಾಗ ಬೈಯದೆ ಪೂರ್ತಿ ಕೇಳಿ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.