ತಪ್ಪಿನ ಲೆಕ್ಕ, ಪಾಠದ ವೆಚ್ಚ

ವಿಮಾನ ಅಪಘಾತದ ತನಿಖಾ ವರದಿ ಹೊರಬಿದ್ದ ದಿನ ಪತ್ರಿಕೆಗಳ ತಲೆಬರಹ ಹೆಚ್ಚಾಗಿ ಎರಡೇ ಪದಗಳಲ್ಲಿ ಮುಗಿಯುತ್ತದೆ: ಪೈಲಟ್ ತಪ್ಪು. ಓದುಗನಿಗೆ ಉತ್ತರ ಸಿಕ್ಕಂತಾಗುತ್ತದೆ, ಕಂಪನಿಗೆ ನೆಮ್ಮದಿಯಾಗುತ್ತದೆ, ಸರ್ಕಾರಕ್ಕೆ ಕಡತ ಮುಚ್ಚುವುದು ಸುಲಭವಾಗುತ್ತದೆ. ಆದರೆ ವಿಮಾನಯಾನವು ಇಂದಿನ ಸುರಕ್ಷತೆಯ ಮಟ್ಟವನ್ನು ಮುಟ್ಟಿದ್ದು ಆ ಎರಡು ಪದಗಳ ಹಿಂದೆ ಏನಿದೆ ಎಂದು ಬಿಡದೆ ಕೇಳಿದ್ದರಿಂದ. ಕೇಳುವ ಪದ್ಧತಿ ನಮ್ಮ ದೇಶದಲ್ಲಿಯೂ ಇದೆ. ಸಿಕ್ಕ ಉತ್ತರದ ವೆಚ್ಚವನ್ನು ಭರಿಸುವ ಮನಸ್ಸು ಮಾತ್ರ ನಮ್ಮಲ್ಲಿ ಸಾಲದು.

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ ಬದುಕಿ ಉಳಿದವರು 8 ಮಂದಿ. ಮಡಿದವರಲ್ಲಿ ಅನೇಕರು ಕೊಲ್ಲಿ ದೇಶಗಳಲ್ಲಿ ದುಡಿದು ಕರಾವಳಿಯ ತಮ್ಮ ಮನೆಗಳಿಗೆ ಮರಳುತ್ತಿದ್ದವರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖೆ ನೇರ ಕಾರಣವನ್ನು ಸ್ಪಷ್ಟವಾಗಿಯೇ ಹೇಳಿತು. ಇಳಿಯುವ ಹಂತದಲ್ಲಿ ವಿಮಾನ ಹಿಡಿತದಲ್ಲಿರಲಿಲ್ಲ. ಸಹಪೈಲಟ್ ಮೂರು ಬಾರಿ ಮತ್ತೆ ಮೇಲೇರುವಂತೆ ಹೇಳಿದರೂ, ಯಂತ್ರಗಳು ಎಚ್ಚರಿಕೆ ಕೊಡುತ್ತಲೇ ಇದ್ದರೂ, ಕ್ಯಾಪ್ಟನ್ ಇಳಿಯುವ ಪಟ್ಟನ್ನು ಬಿಡಲಿಲ್ಲ.

ವರದಿ ಇಲ್ಲಿಗೇ ನಿಂತಿದ್ದರೆ ನಾವು ಕಲಿಯುವುದೇನೂ ಇರಲಿಲ್ಲ. ಅದು ಮುಂದೆ ಹೋಯಿತು. ಹಾರಾಟಕ್ಕೆ ಮೊದಲು ಸಾಕಷ್ಟು ವಿಶ್ರಾಂತಿಯ ಅವಧಿ ದೊರೆತಿದ್ದರೂ ಕ್ಯಾಪ್ಟನ್ ದಾರಿಯಲ್ಲಿ ದೀರ್ಘ ನಿದ್ರೆಯಲ್ಲಿದ್ದರು. ಎಚ್ಚೆತ್ತ ಮೇಲೂ ನಿದ್ರೆಯ ಮಂಪರು ಅವರ ತೀರ್ಮಾನಶಕ್ತಿಯನ್ನು ಕುಂದಿಸಿರಬಹುದು. ಮಂಗಳೂರಿನ ರೇಡಾರ್ ಕೆಟ್ಟಿದ್ದುದರಿಂದ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಎಂದಿಗಿಂತ ಹತ್ತಿರದಲ್ಲಿ, ಅಂದರೆ ತಡವಾಗಿ. ಸಹಪೈಲಟ್ ಯಾವಾಗ ತಾನೇ ನಿಯಂತ್ರಣ ವಹಿಸಿಕೊಳ್ಳಬಹುದು ಎಂಬ ಬಗ್ಗೆ ಲಿಖಿತ ಸೂಚನೆಗಳಲ್ಲಿಯೇ ಗೊಂದಲವಿತ್ತು. ಬಹುಶಃ ಅದರಿಂದಲೇ ಅವರು ಹೇಳಿದರೇ ಹೊರತು ಕೈಹಾಕಲಿಲ್ಲ. ಪೈಲಟ್ ತಪ್ಪು ಎಂಬ ಒಂದೇ ಖಾತೆಯ ಒಳಗೆ ಕೆಟ್ಟ ಯಂತ್ರವೊಂದು, ಮಸುಕಾದ ನಿಯಮವೊಂದು ಜಮೆಯಾಗಿದ್ದವು. ಕ್ಯಾಪ್ಟನ್‌ನನ್ನು ಎಷ್ಟು ದೂಷಿಸಿದರೂ ಆ ಎರಡೂ ಸರಿಹೋಗುತ್ತಿರಲಿಲ್ಲ.

ಮೇಲಿನವನ ತಪ್ಪನ್ನು ಕೆಳಗಿನವನು ಕಂಡೂ ತಡೆಯಲಾರದೆ ಹೋಗುವ ಈ ಸಮಸ್ಯೆ ಹಳೆಯದು. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ, ಮಂಜು ಮುಸುಕಿದ ರನ್‌ವೇಯ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಅನುಮತಿ ಇಲ್ಲದೆ ವಿಮಾನವನ್ನು ಓಡಿಸಿದವರು ಕೆಎಲ್‌ಎಂ ಸಂಸ್ಥೆಯಲ್ಲಿ ಇತರರಿಗೆ ತರಬೇತಿ ಕೊಡುತ್ತಿದ್ದ ಹಿರಿಯ ಕ್ಯಾಪ್ಟನ್. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಶಂಕೆ ವ್ಯಕ್ತಪಡಿಸಿದ್ದರು. ಅದು ಲೆಕ್ಕಕ್ಕೆ ಬರಲಿಲ್ಲ. ಮರುವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಬಳಿ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಚಕ್ರಗಳ ದೋಷವನ್ನು ವಿಚಾರಿಸುತ್ತ ಸುತ್ತುವಾಗಲೇ ಇಂಧನ ಮುಗಿದು ಬಿದ್ದು 10 ಮಂದಿ ಸತ್ತರು. ಇಂಧನ ಇಳಿಯುತ್ತಿರುವುದು ಸಹೋದ್ಯೋಗಿಗಳಿಗೆ ತಿಳಿದಿತ್ತು, ಗಟ್ಟಿಯಾಗಿ ಹೇಳುವ ಅಭ್ಯಾಸವಿರಲಿಲ್ಲ.

ಇವುಗಳಿಂದ ಉದ್ಯಮ ಕಲಿತದ್ದು ಒಂದು ಹೊಸ ಶಿಸ್ತು. 1979ರಲ್ಲಿ ನಾಸಾ ಏರ್ಪಡಿಸಿದ ಕಾರ್ಯಾಗಾರದಿಂದ ಮೊದಲಾಗಿ, 1981ರಲ್ಲಿ ಯುನೈಟೆಡ್ ಸಂಸ್ಥೆಯಲ್ಲಿ ತರಬೇತಿಯ ರೂಪ ತಾಳಿ, ಕಾಕ್‌ಪಿಟ್‌ನಲ್ಲಿ ಕಿರಿಯರು ಹೇಳುವುದನ್ನೂ ಹಿರಿಯರು ಕೇಳುವುದನ್ನೂ ಕಲಿಸುವ ಪದ್ಧತಿ ಜಗತ್ತಿಗೆಲ್ಲ ಹಬ್ಬಿತು. 1976ರಿಂದಲೇ ನಾಸಾ ನಡೆಸುತ್ತಿರುವ ಸುರಕ್ಷತಾ ವರದಿ ವ್ಯವಸ್ಥೆಯಲ್ಲಿ ಪೈಲಟ್ ತನ್ನ ತಪ್ಪನ್ನು ತಾನೇ ಗೋಪ್ಯವಾಗಿ ಬರೆದು ಕಳಿಸಬಹುದು. ಉದ್ದೇಶಪೂರ್ವಕವಲ್ಲದ ಉಲ್ಲಂಘನೆಯಾದರೆ, ನಿಯಮಗಳಿಗೆ ಒಳಪಟ್ಟು, ದಂಡನೆಯಿಂದ ವಿನಾಯಿತಿಯೂ ಉಂಟು. ಅಪಘಾತ ಮತ್ತು ಅಪರಾಧಗಳಿಗೆ ಈ ರಕ್ಷಣೆ ಇಲ್ಲ. ಅಪಘಾತ ತನಿಖೆಯ ಏಕೈಕ ಗುರಿ ಮುಂದಿನ ಅಪಘಾತವನ್ನು ತಡೆಯುವುದು, ದೋಷಾರೋಪಣೆ ಅದರ ಕೆಲಸವಲ್ಲ ಎಂದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೆಯ ಅನುಬಂಧ ಹೇಳುತ್ತದೆ. ತಪ್ಪು ಮಾಡಿದವನಿಗೆ ಶಿಕ್ಷೆ ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನ್ಯಾಯಾಲಯಗಳಿವೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟರೆ ಯಾರೂ ಸತ್ಯ ನುಡಿಯುವುದಿಲ್ಲ.

ಇನ್ನು ವೆಚ್ಚದ ಮಾತು. 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನಲ್ಲಿ, ಮಂಗಳೂರಿನಂತೆಯೇ ಬೆಟ್ಟದ ತಲೆಯ ಮೇಲಿರುವ ರನ್‌ವೇಯಲ್ಲಿ, ಅದೇ ಸಂಸ್ಥೆಯ ವಿಮಾನ ಮಳೆಯಲ್ಲಿ ಇಳಿಯುವಾಗ ಜಾರಿ ಬಿದ್ದು 21 ಮಂದಿ ಮಡಿದರು. ಅಲ್ಲಿಯೂ ಸಹಪೈಲಟ್ ಮೇಲೇರುವಂತೆ ಹೇಳಿದ್ದರು. ವರದಿಯ ಇನ್ನೊಂದು ಅಂಶ ನನ್ನಂಥ ಲೆಕ್ಕಪರಿಶೋಧಕನ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಮರುದಿನ ಬೆಳಗಿನ ಹಾರಾಟವನ್ನು ಅದೇ ಕ್ಯಾಪ್ಟನ್ ನಡೆಸಬೇಕಿತ್ತು. ಕೋಳಿಕ್ಕೋಡಿನಲ್ಲಿಯೇ ಇಳಿಯಬೇಕೆಂಬ ಅವರ ಹಟಕ್ಕೆ ಅದೂ ಕಾರಣ. ಆ ನೆಲೆಯ ಸಿಬ್ಬಂದಿ ಪಟ್ಟಿಯಲ್ಲಿ 26 ಸಹಪೈಲಟ್‌ಗಳಿಗೆ ಒಬ್ಬರೇ ಕ್ಯಾಪ್ಟನ್ ಇದ್ದರು. ಸಿಬ್ಬಂದಿ ವೆಚ್ಚದ ಸಾಲಿನಲ್ಲಿ ಉಳಿತಾಯವಾಗಿ ಕಾಣುವ ಅಂಕಿಯೊಂದು ಕಾಕ್‌ಪಿಟ್‌ನಲ್ಲಿ ಒತ್ತಡವಾಗಿ ಕುಳಿತಿರುತ್ತದೆ.

2025ರ ನವೆಂಬರ್ 1ರಿಂದ ಪೂರ್ಣವಾಗಿ ಜಾರಿಯಾದ ಹೊಸ ಕರ್ತವ್ಯ ಅವಧಿಯ ನಿಯಮಗಳು ಈ ಒತ್ತಡಕ್ಕೆ ಮಿತಿ ಹಾಕುವಂಥವು. ವಾರದ ವಿಶ್ರಾಂತಿ 36 ಗಂಟೆಗಳಿಂದ 48ಕ್ಕೆ ಏರಿತು. ರಾತ್ರಿ ಪಾಳಿಯಲ್ಲಿ ಇಳಿಸಬಹುದಾದ ಸಂಖ್ಯೆ 6ರಿಂದ 2ಕ್ಕೆ ಇಳಿಯಿತು. ನಿಯಮಗಳು ಪ್ರಕಟವಾದದ್ದು 2024ರ ಜನವರಿಯಲ್ಲಿ, ಸಿದ್ಧತೆಗೆ ಕಾಲವಿತ್ತು. ಆದರೂ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಂಸ್ಥೆಯ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು, ಡಿಜಿಸಿಎ ಆ ಸಂಸ್ಥೆಗೆ ರಾತ್ರಿ ಪಾಳಿಯ ನಿಯಮಗಳಿಂದ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ನಿಲ್ದಾಣಗಳಲ್ಲಿ ಪರದಾಡಿದ ಪ್ರಯಾಣಿಕರ ಕಷ್ಟ ನಿಜ, ಸಂಸ್ಥೆಯ ಹಾರಾಟಗಳನ್ನು ಬಳಿಕ ಕಡಿತಗೊಳಿಸಿದ್ದೂ ನಿಜ. ಆದರೆ ಮೊದಲು ಕೈಬಿಟ್ಟದ್ದು ನಿದ್ರೆಯ ನಿಯಮವನ್ನು. ಮಂಗಳೂರು, ದೆಹಲಿ, ಮುಂಬೈಗಳಿಗೆ ನಡುರಾತ್ರಿಯ ವಿಮಾನ ಹತ್ತುವ ನಾವೆಲ್ಲರೂ ಆ ಸಡಿಲಿಕೆಯ ಪಾಲುದಾರರು.

ಪರಿಹಾರ ದೊಡ್ಡದೇನಲ್ಲ, ಲೆಕ್ಕಪತ್ರದ ಶಿಸ್ತು ಸಾಕು. ಮೊದಲನೆಯದು ತನಿಖಾಧಿಕಾರಿಯ ಸ್ವಾತಂತ್ರ್ಯ. ನಿಯಮ ಮಾಡುವ ಡಿಜಿಸಿಎ, ಅಪಘಾತ ತನಿಖೆ ಮಾಡುವ ಎಎಐಬಿ ಎರಡೂ ಒಂದೇ ಸಚಿವಾಲಯದಡಿ ಇವೆ. ಕಂಪನಿಯ ಲೆಕ್ಕ ಬರೆಯುವವನೇ ಅದರ ಶಾಸನಬದ್ಧ ಪರಿಶೋಧಕನಾಗಲು ನಮ್ಮ ಕಾನೂನು ಒಪ್ಪುವುದಿಲ್ಲ. ಅಮೆರಿಕವು ತನ್ನ ತನಿಖಾ ಮಂಡಳಿಯನ್ನು 1974ರ ಕಾನೂನಿನ ಮೂಲಕ ಸಾರಿಗೆ ಇಲಾಖೆಯಿಂದ ಪೂರ್ತಿ ಬೇರ್ಪಡಿಸಿತು. ಎರಡನೆಯದು, ಪ್ರತಿಯೊಂದು ಶಿಫಾರಸು ಜಾರಿಯಾಯಿತೇ, ಇಲ್ಲವಾದರೆ ಏಕೆ ಎಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಬೇಕು. ಸಿಎಜಿ ಆಕ್ಷೇಪಗಳಿಗೆ ಇಲಾಖೆಗಳು ಉತ್ತರ ಕೊಡುವ ಕ್ರಮ ಈಗಾಗಲೇ ಇರುವಾಗ ಇದೇನು ಅಸಾಧ್ಯವಲ್ಲ. ಮೂರನೆಯದು, ಸುರಕ್ಷತಾ ನಿಯಮಕ್ಕೆ ವಿನಾಯಿತಿ ಕೊಡುವಾಗ ಅದರಿಂದ ಹೆಚ್ಚುವ ಅಪಾಯವೆಷ್ಟು, ಸಹಿ ಹಾಕಿದವರು ಯಾರು ಎಂಬುದು ಆದೇಶದಲ್ಲಿಯೇ ದಾಖಲಾಗಬೇಕು. ಮುಂದಿನ ಅಪಘಾತದ ವರದಿ ಬರೆಯುವವರಿಗೆ ಆಗ ಪೈಲಟ್‌ನ ಹೆಸರೊಂದೇ ಸಿಗುವುದಿಲ್ಲ.