ನಮ್ಮೂರಿನಲ್ಲಿ ನೋಡತಕ್ಕದ್ದೇನು?

ಅತಿಥಿಗಳು ಬಂದರೆ ಕಲಬುರಗಿಯ ಕೋಟೆಯನ್ನೂ, ಅದರೊಳಗಿನ 1367ರ ಜಾಮಾ ಮಸೀದಿಯನ್ನೂ ತೋರಿಸಿ, ಆ ಮೇಲೆ ವಿಜಯಪುರದ ದಾರಿ ಹಿಡಿಸುತ್ತೇವೆ. ನಗರದ ಮಗ್ಗುಲಲ್ಲಿಯೇ ಇರುವ ನಮ್ಮ ಶರಣಸಿರಸಗಿಯ ಹೆಸರನ್ನು ಯಾರೂ ಎತ್ತುವುದಿಲ್ಲ. ಕೇಳಿದರೆ, “ಅಲ್ಲೇನುಂಟು? ಬಿಸಿಲು, ಕರಿಮಣ್ಣು!” ಎಂಬ ಉತ್ತರವು. ಮಾತು ಸರಿಯೇ, ಅದರೊಳಗಿನ ತಾತ್ಸಾರವು ಮಾತ್ರ ಸಲ್ಲದು. ಮಳೆಯ ತೇವವನ್ನು ಹಿಡಿದಿಟ್ಟು, ಮಳೆಗಾಲವು ಕಳೆದ ಮೇಲೂ ತೊಗರಿಯನ್ನು ಸಾಕುವುದು ಈ ಕರಿಮಣ್ಣೇ ಅಲ್ಲವೇ? ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯು ದೊರೆಯಿತು. ಆ ಬೇಳೆಯನ್ನು ದಿನವೂ ಉಣ್ಣುವ ನಾವು, ಹೊಲವೆಲ್ಲ ಹಳದಿ ಹೂವಾಗಿ ನಿಂತುದನ್ನು ಒಮ್ಮೆಯಾದರೂ ಕಣ್ತುಂಬ ನೋಡಿರುವೆವೇ? ಪರಸ್ಥಳದವರು ನಮ್ಮ ನಾಡನ್ನು ಅಲಕ್ಷಿಸುವರೆಂದು ದೂರುವ ಮುನ್ನ, ಬರುವ ಕಾರ್ತಿಕದಲ್ಲಿ ಮಕ್ಕಳೊಡನೆ ಶರಣಸಿರಸಗಿಯ ಹೊಲಗಳಿಗೆ ಹೋಗಿಬರೋಣ.