ರಾಕೆಟ್ಟಿಗೆ ಭಾಷೆಯಿಲ್ಲ, ಬಾಗಿಲಿಗೆ ಮಾತ್ರ ಇದೆ

ಉಪಗ್ರಹ ಹಾರಿದ ದಿನ ಮಂತ್ರಿ ಮಹಾಶಯರು ಮೈಕಿನ ಮುಂದೆ ನಿಂತು, ಈ ದೇಶದಲ್ಲಿ ಬಡವನ ಮಗನೂ ವಿಜ್ಞಾನಿಯಾಗಬಲ್ಲ ಎಂದು ಭಾಷಣ ಬಿಗಿಯುತ್ತಾರೆ. ಆ ಬಡವನ ಮಗ ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ನಾವು ಹೇಳುತ್ತೇವೆ.

ತಿರುವನಂತಪುರದ ಬಳಿ ವಲಿಯಮಲದಲ್ಲಿ ಬಾಹ್ಯಾಕಾಶ ಇಲಾಖೆಯದೇ ಒಂದು ವಿದ್ಯಾಸಂಸ್ಥೆ ಇದೆ. 2007ರಲ್ಲಿ ಆರಂಭವಾದದ್ದು. ರಾಕೆಟ್ಟು, ಉಪಗ್ರಹಗಳ ಎಂಜಿನಿಯರಿಂಗನ್ನು ಅಲ್ಲಿ ಕಲಿಸುತ್ತಾರೆ. ಪಿ.ಯು.ಸಿ. ಮುಗಿಸಿದ ಹುಡುಗ ಅಲ್ಲಿಗೆ ಸೇರಬೇಕಾದರೆ ಎರಡು ಪರೀಕ್ಷೆ ದಾಟಬೇಕು. ಮೊದಲನೆಯದು ಜೆ.ಇ.ಇ. ಮೇನ್. ಅದರಲ್ಲಿ ಮುಂದೆ ಬಂದ ಸುಮಾರು ಎರಡೂವರೆ ಲಕ್ಷ ಮಂದಿಗೆ ಮಾತ್ರ ಎರಡನೆಯದು, ಜೆ.ಇ.ಇ. ಅಡ್ವಾನ್ಸ್ಡ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಒಂದೇ ದಿನ ಮೂರು ಮೂರು ಗಂಟೆಯ ಎರಡು ಪತ್ರಿಕೆ.

ಮೊದಲ ಪರೀಕ್ಷೆ 2021ರಿಂದ 13 ಭಾಷೆಗಳಲ್ಲಿ ನಡೆಯುತ್ತಿದೆ. ಕನ್ನಡವೂ ಅದರಲ್ಲುಂಟು. ಸಂತೋಷ. ಎರಡನೆಯದು? ಇಂಗ್ಲೀಷು, ಹಿಂದಿ, ಅಷ್ಟೇ. ಹೊರಬಾಗಿಲಲ್ಲಿ ನಿಂತು ಕನ್ನಡದಲ್ಲಿ 'ಬಾಪ್ಪಾ' ಎಂದು ಕರೆದು, ನಡುಮನೆಯ ಹೊಸ್ತಿಲಲ್ಲಿ ಕತ್ತು ಹಿಡಿದು ನೂಕುವ ಮರ್ಯಾದೆ ಇದು!

ಹಿಂದಿಯ ಹುಡುಗನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವನೂ ನಮ್ಮವನೇ, ಬಡವನೇ. ಆದರೆ ಅವನಿಗಾಗಿ ಪ್ರಶ್ನೆಗಳನ್ನು ಅನುವಾದ ಮಾಡಲು ಸಾಧ್ಯವಾದರೆ ನಮ್ಮವನಿಗೆ ಏಕೆ ಸಾಧ್ಯವಿಲ್ಲ? ಮೊದಲ ಪರೀಕ್ಷೆಯನ್ನು ಕನ್ನಡಕ್ಕೆ ತರುವ ಅನುವಾದಕರು ಎರಡನೆಯದರ ಹೊತ್ತಿಗೆ ಸತ್ತುಹೋಗುತ್ತಾರೆಯೇ?

ವಿಜ್ಞಾನ ಕನ್ನಡಕ್ಕೆ ಒಗ್ಗದು ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ರಾಕೆಟ್ಟಿನ ಸಮೀಕರಣವನ್ನು 1903ರಲ್ಲಿ ಪ್ರಕಟಿಸಿದ ತ್ಸಿಯೋಲ್ಕೋವ್ಸ್ಕಿ ಕಲೂಗಾ ಎಂಬ ಊರಿನ ಶಾಲಾ ಮೇಷ್ಟರು. ಬರೆದದ್ದು ರಷ್ಯನ್ ಭಾಷೆಯಲ್ಲಿ. 1957ರಲ್ಲಿ ಸ್ಪುಟ್ನಿಕ್ ಹಾರಿಸಿದವರೂ ಇಂಗ್ಲೀಷಿನಲ್ಲಿ ಲೆಕ್ಕ ಹಾಕಲಿಲ್ಲ. ದೂರದ ಮಾತೇಕೆ? 2018ರಿಂದ 2022ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದ ಕೆ. ಶಿವನ್ ಕನ್ಯಾಕುಮಾರಿ ಜಿಲ್ಲೆಯ ರೈತನ ಮಗ. ಸರ್ಕಾರಿ ಶಾಲೆಯಲ್ಲಿ ತಮಿಳಿನಲ್ಲೇ ಓದಿದವರು. 1975ರಲ್ಲಿ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ ತಂಡದ ಮುಂದಾಳು ಯು.ಆರ್. ರಾವ್ ಉಡುಪಿ ಬಳಿಯ ಅದಮಾರು ಹಳ್ಳಿಯವರು. ಅದನ್ನು ಕಟ್ಟಿದ್ದು ಅರಮನೆಯಲ್ಲಲ್ಲ, ಪೀಣ್ಯದ ಶೆಡ್ಡುಗಳಲ್ಲಿ.

ಭಾಷೆಯ ಜೊತೆಗೆ ದುಡ್ಡು. ಅಬ್ದುಲ್ ಕಲಾಂ ಮದರಾಸಿನಲ್ಲಿ ಎಂಜಿನಿಯರಿಂಗ್ ಸೇರಲು ಅವರ ಅಕ್ಕ ಬಳೆ, ಸರ ಒತ್ತೆಯಿಟ್ಟರು. ಅಂದು ಒಡವೆ ಒತ್ತೆಗೆ ಹೋದದ್ದು ಕಾಲೇಜಿನ ಫೀಜಿಗೆ. ಇಂದು ಕಾಲೇಜಿನ ಮಾತು ಹಾಗಿರಲಿ, ಪರೀಕ್ಷೆಗೆ ತಯಾರಾಗುವ ಕೋಚಿಂಗ್ ಅಂಗಡಿಗೇ ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆ ಬರಿದಾಗುತ್ತದೆ.

ಬೇರೆ ದಾರಿಯಿಲ್ಲವೇ? ಇದೆ. ಮಾನ್ಯತೆ ಪಡೆದ ಕಾಲೇಜಿನಲ್ಲಿ ಮೆಕ್ಯಾನಿಕಲ್ಲೋ ಎಲೆಕ್ಟ್ರಾನಿಕ್ಸೋ ಓದಿ, ನೂರಕ್ಕೆ 65 ಅಂಕ ತೆಗೆದು, ಇಸ್ರೋದ ಆಯ್ಕೆಯಲ್ಲಿ ಗೆದ್ದರೆ ಎಂಜಿನಿಯರ್ ಹುದ್ದೆ. ಐ.ಟಿ.ಐ. ಮುಗಿಸಿದವರಿಗೆ ತಂತ್ರಜ್ಞರ ಹುದ್ದೆಗಳೂ ಉಂಟು. ನಿಮ್ಮ ಮಕ್ಕಳು ಇವನ್ನು ಬಿಡಬಾರದು. ಫಿಟ್ಟರು, ಟರ್ನರು, ವೆಲ್ಡರು ಇಲ್ಲದೆ ಯಾವ ರಾಕೆಟ್ಟೂ ನೆಲ ಬಿಟ್ಟಿಲ್ಲ. ಆ ಕೆಲಸ ಕೀಳೆಂದು ನಾವು ಹೇಳುವವರಲ್ಲ. ಆದರೆ ನಕ್ಷೆ ಬರೆಯುವವನು ಉಳ್ಳವನ ಮಗ, ಬೋಲ್ಟು ಬಿಗಿಯುವವನು ಗಿರಣಿಯವನ ಮಗ ಎಂದು ಹುಟ್ಟುವಾಗಲೇ ಹಂಚಿಬಿಡುವ ವ್ಯವಸ್ಥೆಗೆ ಈ ದೇಶದಲ್ಲಿ ಹಳೆಯ ಹೆಸರೊಂದಿದೆ: ಜಾತಿ.

ಇಂಗ್ಲೀಷು ಕಲಿಯಬೇಡಿ ಎಂದು ನಾವು ಹೇಳುತ್ತಿಲ್ಲ. ಒಳಗೆ ಹೋದ ಮೇಲೆ ಬೇಕಾದಷ್ಟು ಕಲಿಯಲಿ. ಭೌತಶಾಸ್ತ್ರದ ಪರೀಕ್ಷೆ ಭೌತಶಾಸ್ತ್ರವನ್ನು ಅಳೆಯಲಿ, ಅಪ್ಪನ ಜೇಬನ್ನಲ್ಲ, ಕಾನ್ವೆಂಟಿನ ಉಚ್ಚಾರವನ್ನಲ್ಲ.

ನಮ್ಮ ಬೇಡಿಕೆ ಎರಡೇ. ಮೊದಲ ಪರೀಕ್ಷೆ ಯಾವ ಯಾವ ಭಾಷೆಯಲ್ಲಿದೆಯೋ ಎರಡನೆಯದೂ ಆ ಎಲ್ಲ ಭಾಷೆಗಳಲ್ಲಿ ಆಗಬೇಕು. ಪ್ರತಿ ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಈ ಪರೀಕ್ಷೆಗಳಿಗೆ ಕನ್ನಡದಲ್ಲಿ, ಪುಕ್ಕಟೆಯಾಗಿ ಸಂಜೆ ತರಗತಿ ನಡೆಯಬೇಕು.

ಗಿರಣಿ ಬಂಧುಗಳೇ, ವರ್ತಕ ಮಿತ್ರರೇ, ನಿಮ್ಮ ನಿಮ್ಮ ಸಂಘಗಳಲ್ಲಿ ಠರಾವು ಮಾಡಿ ಪಾರ್ಲಿಮೆಂಟ್ ಸದಸ್ಯರಿಗೆ ಕಳಿಸಿ. ಓಟು ಕೇಳಲು ಬಂದಾಗ ಉತ್ತರ ಕೇಳಿ. ಓಟನ್ನು ಅವರು ಕನ್ನಡದಲ್ಲೇ ಕೇಳುತ್ತಾರೆ. ಪ್ರಶ್ನೆಪತ್ರಿಕೆಯನ್ನೂ ಕನ್ನಡದಲ್ಲೇ ಕೊಡಲಿ.